ಹನ್ನೊಂದು ಗಂಟೆಯ ಸಾರ್ವಜನಿಕರು

‘ಬಿಆರ್‌ಟಿಎಸ್ ತೆಗೀರಿ’ ಎಂಬ ಕೂಗು, ಅಂದರೆ ಬಸ್ಸಿಗೇ ಮೀಸಲಾದ ಪಥ ಬೇಡವೆಂಬ ಕೂಗು, ಹುಬ್ಬಳ್ಳಿ-ಧಾರವಾಡದಲ್ಲಿ ಮುಂಗಾರಿನ ಹಾಗೆ ಆಗಾಗ ಗುಡುಗಿ ಹೋಗುತ್ತದೆ. ಅದರ ಬೆನ್ನಿಗೇ ಹೊಸ ಸಾರಿಗೆ ಬರುತ್ತದೆಂಬ ಮಾತು. ತೆಗೆಯುತ್ತಾರೋ ಇಡುತ್ತಾರೋ, ಆ ಜಗಳ ನಡೆಯಲಿ. ನನ್ನ ಪಿತ್ತ ನೆತ್ತಿಗೇರಿಸುವುದು ಆ ಮಾತಿನ ಜೊತೆಗೆ ಆಳುವವರು ಕೊಡುವ ಭರವಸೆ: ‘ಸಾರ್ವಜನಿಕರನ್ನು ಕೇಳಿಯೇ ಮುಂದುವರಿಯುತ್ತೇವೆ.’

ಇಂಥ ಸಭೆಗಳಲ್ಲಿ ಕೂತು ಬಂದವನು ನಾನು. ಕೆಲಸದ ದಿನ, ಬೆಳಿಗ್ಗೆ ಹನ್ನೊಂದಕ್ಕೆ ಕರೆಯುತ್ತಾರೆ. ಆ ಹೊತ್ತಿಗೆ ಪುರುಸೊತ್ತು ಯಾರಿಗೆ? ನನ್ನಂಥ ಪಿಂಚಣಿದಾರರಿಗೆ, ರಸ್ತೆಬದಿ ಕಟ್ಟಡ ಇದ್ದವರಿಗೆ, ಮುಖಂಡರಿಗೆ. ಬಸ್ಸನ್ನೇ ನಂಬಿದವರು ಆಗ ಕಾಲೇಜಿನಲ್ಲೋ, ಅಂಗಡಿಯ ಗಲ್ಲೆಯ ಹಿಂದೋ, ಯಾರದೋ ಮನೆಯ ಮುಸುರೆ ತಿಕ್ಕುತ್ತಲೋ ಇರುತ್ತಾರೆ. ನಕ್ಷೆ ಮೊದಲೇ ಸಿದ್ಧವಾಗಿ ಪರದೆ ಏರಿರುತ್ತದೆ. ನಿಲ್ದಾಣಕ್ಕೆ ಯಾರ ಹೆಸರಿಡಬೇಕು ಎಂಬುದರ ಮೇಲೆ ಮುಕ್ಕಾಲು ತಾಸು ಚರ್ಚೆ, ಆಮೇಲೆ ಚಹಾ.

ಆ ಪಥದಲ್ಲಿ ಓಡುವ ನಮ್ಮ ‘ಚಿಗರಿ’ ಬಸ್ಸಿನ ಕಥೆ ನೋಡಿ. 2018ರಲ್ಲಿ ಪ್ರಾಯೋಗಿಕ ಓಡಾಟ, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತ ಉದ್ಘಾಟನೆ. ಸುಮಾರು 22 ಕಿ.ಮೀ. ಹಾದಿಗಾಗಿ ಪಿ.ಬಿ. ರಸ್ತೆಯ ಮರಗಳು ಹೋದವು, ಅಂಗಡಿಗಳ ಮುಂಭಾಗ ಹೋಯಿತು. ನಡುರಸ್ತೆಯಲ್ಲಿ ನಿಲ್ದಾಣ, ಬಸ್ಸಿಗೆ ಬಲಗಡೆ ಬಾಗಿಲು. ಎಲ್ಲಾ ಸೈ, ಆ ನಡುರಸ್ತೆಗೆ ಮನುಷ್ಯ ತಲುಪುವುದು ಹೇಗೆ? ರಸ್ತೆ ದಾಟುವ ಈ ವಿಷಯ ನನ್ನ ಹಳೇ ರಾಗ, ಮನೆಯವರೂ ಬೇಸತ್ತಿದ್ದಾರೆ. ಬೇಸರವಾದವರು ಮುಂದಿನ ಪ್ಯಾರಾಕ್ಕೆ ಹಾರಬಹುದು. ರಸ್ತೆ ಹಾರುವುದಕ್ಕಿಂತ ಅದು ಸುಲಭ.

ಒಂದು ಸಂಜೆ ಉಣಕಲ್ ಕಡೆ ಕೈಚೀಲ ಹಿಡಿದ ಅಜ್ಜಿಯೊಬ್ಬಳು ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. ‘ದಾಟಸೋ ತಮ್ಮಾ.’ ಎರಡು ಹೆಜ್ಜೆ ಮುಂದೆ, ಒಂದು ಹಿಂದೆ. ಬೈಕು, ಟಂಟಂ, ಮತ್ತೆ ಬೈಕು. ಅಂತೂ ನಿಲ್ದಾಣ ಮುಟ್ಟಿದ ಮೇಲೆ ಕೇಳಿದೆ, ‘ಚಿಗರಿ ಹೆಂಗೈತಿ ಆಯಿ?’

‘ಬಸ್ಸು ಛಲೋನ ಐತಿ ಬಿಡು. ಇಲ್ಲಿಂದ ಧಾರವಾಡ ಸನೇಕ. ಆ ಕಡೆ ದಂಡಿಯಿಂದ ಇಲ್ಲಿಗೆ ಬರೂದ ದೂರ.’

ಸಲಹೆಗಾರರು ದಪ್ಪನೆಯ ವರದಿಯಲ್ಲಿ ಬರೆಯಬೇಕಾದದ್ದನ್ನು ಈ ಮುದುಕಿ ಒಂದು ರೂಪಾಯಿ ಶುಲ್ಕ ಕೇಳದೆ ಹೇಳಿದಳು. ಆದರೆ ಅವಳನ್ನು ಸಭೆಗೆ ಕರೆದವರು ಯಾರು? ಅವಳಿಗೆ ಮನವಿ ಬರೆಯಲು ಬಾರದು, ಲೆಟರ್‌ಹೆಡ್ ಅಂತೂ ಇಲ್ಲವೇ ಇಲ್ಲ.

ಲೆಟರ್‌ಹೆಡ್ ಇದ್ದವರ ಮಾತು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ದೆಹಲಿ ಇದೆ. ಅಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿ.ಮೀ. ಬಸ್ ಪಥ ಮಾಡಿದರು. ಕಾರಿನವರು ಗೋಳಾಡಿದರು, ಜಗಳ ಕೋರ್ಟಿಗೂ ಹೋಯಿತು. 2012ರಲ್ಲಿ ಹೈಕೋರ್ಟ್ ಬಸ್ಸಿನವರ ಪರ ನಿಂತಿತು. 2016ರಲ್ಲಿ ಸರ್ಕಾರವೇ ಕಿತ್ತು ಹಾಕಿತು. ನಮ್ಮಲ್ಲೂ ಖಾಲಿ ಪಥ ಕಂಡರೆ ಕಾರಿನವರ ಹೊಟ್ಟೆ ಉರಿಯುತ್ತದೆ. ತುಂಬಿದ ಬಸ್ಸೊಂದು ಆ ಪಥದಲ್ಲಿ ಭರ್ರನೆ ಹೋದದ್ದು ಮಾತ್ರ ಅವರ ಲೆಕ್ಕಕ್ಕೆ ಸಿಗುವುದಿಲ್ಲ. ಚಿಗರಿಯಲ್ಲಿ ದೋಷವಿಲ್ಲ ಎನ್ನುತ್ತಿಲ್ಲ ನಾನು. ದೋಷ ಯಾವುದೆಂದು ಹತ್ತಿದವರನ್ನು ಕೇಳಿ ಎನ್ನುತ್ತಿದ್ದೇನೆ.

ಆದ್ದರಿಂದ ಒಂದು ಬೇಡಿಕೆ. ಹೊಸದು ತರುವುದಿದ್ದರೆ ಮೊದಲ ಸಭೆ ಸಂಜೆ ಆರಕ್ಕೆ, ಯಾವುದಾದರೂ ನಡುರಸ್ತೆಯ ನಿಲ್ದಾಣದಲ್ಲೇ ಇಡಿ. ಸಾಹೇಬರು ಈಚೆ ದಂಡೆಯಲ್ಲಿ ಇಳಿದು, ನಡೆದು ಬರಲಿ. ಕೋರಂ ಆಗುವುದು ಕಷ್ಟ, ಗೊತ್ತು. ಬೇಕಾದರೆ ಆ ಅಜ್ಜಿಯನ್ನು ಕಳಿಸುತ್ತೇನೆ, ಕೈಹಿಡಿದು ದಾಟಿಸುತ್ತಾಳೆ.