ಗೊರಕೆ ನಿಂತರೆ ಸಾಕೆ?

ಗೊರಕೆ ಹೊಡೆಯುವವರನ್ನು ಕುಂಭಕರ್ಣನೆಂದು ಹಾಸ್ಯ ಮಾಡುವುದು ನಮ್ಮಲ್ಲಿ ವಾಡಿಕೆ. ಆದರೆ ಗೊರಕೆಯ ನಡುವೆ ಒಮ್ಮೆಲೇ ಸದ್ದಡಗಿ, ಕೆಲವು ಕ್ಷಣಗಳಾದ ಮೇಲೆ ಮಲಗಿದಾತನು ಏದುತ್ತ ಮತ್ತೆ ಉಸಿರೆಳೆದುಕೊಂಡರೆ ಅದು ನಗುವ ವಿಷಯವಲ್ಲ. ಸ್ಲೀಪ್ ಅಪ್ನಿಯ, ಅಂದರೆ ನಿದ್ರೆಯಲ್ಲಿ ಉಸಿರು ಕಟ್ಟುವ ವ್ಯಾಧಿಯ ಲಕ್ಷಣ ಅದಾಗಿರಬಹುದು.

ಕಾಗದದ ಕೊಳವೆಯಿಂದ ಎಳನೀರು ಹೀರಿದವರಿಗೆ ಇದರ ಕಾರಣ ಸುಲಭವಾಗಿ ತಿಳಿದೀತು. ಕೊಳವೆ ನೆನೆದು ಮೆತ್ತಗಾದ ಮೇಲೆ ಬಲವಾಗಿ ಹೀರಿದರೆ ಒಳಗಿನ ಒತ್ತಡ ತಗ್ಗಿ ಅದರ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ನಾಲಗೆ ಹಿಂದಕ್ಕೆ ಸರಿದಾಗಲೂ ಹೀಗೆಯೇ. ಉಸಿರು 10 ಸೆಕೆಂಡುಗಳಾದರೂ ನಿಲ್ಲುವುದನ್ನೂ ಬಹಳವಾಗಿ ಕುಗ್ಗುವುದನ್ನೂ ವೈದ್ಯರು ಎಣಿಸುತ್ತಾರೆ. ಈ ಎಣಿಕೆ ಗಂಟೆಗೆ 5ನ್ನು ದಾಟಿದರೆ ವ್ಯಾಧಿ, 30ನ್ನು ಮುಟ್ಟಿದರೆ ತೀವ್ರ ವ್ಯಾಧಿ.

ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಉಪಾಯದಲ್ಲಿ, ಮೂಗಿನ ಮೂಲಕ ಒತ್ತಡದ ಗಾಳಿಯನ್ನು ಹಾಯಿಸಿ ಈ ದಾರಿಯನ್ನು ತೆರೆದಿಡಲಾಗುತ್ತದೆ. ಪರಿಣಾಮದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ರಾತ್ರಿಯಿಡೀ ಮುಖವಾಡ ಧರಿಸಲು ಅನೇಕರಿಗೆ ಆಗದು. ನಮ್ಮ ಸೋದರಮಾವನವರು ನಾಲ್ಕೇ ತಿಂಗಳಲ್ಲಿ ಅದನ್ನು ಅಟ್ಟಕ್ಕೇರಿಸಿದರು. ಬಳಿಕ ದಂತವೈದ್ಯರೊಬ್ಬರು ಅವರ ಎರಡು ಸಾಲು ಹಲ್ಲುಗಳ ಅಚ್ಚು ತೆಗೆದು, ಕೆಳದವಡೆಯನ್ನು ಕೆಲವು ಮಿಲಿಮೀಟರು ಮುಂದಕ್ಕೆ ಹಿಡಿದಿಡುವ ಸಾಧನವೊಂದನ್ನು ಮಾಡಿಕೊಟ್ಟರು. ದವಡೆಯೊಡನೆ ನಾಲಗೆಯೂ ಮುಂದೆ ಬರುವುದರಿಂದ ದಾರಿ ಅಗಲವಾಗುತ್ತದೆ.

ಮೊದಲ ವಾರಗಳು ಸುಖವಾಗಿರಲಿಲ್ಲ. ಜೊಲ್ಲು ಸುರಿದು ದಿಂಬು ತೊಯ್ಯುತ್ತಿತ್ತು. ಬೆಳಗ್ಗೆ ದವಡೆ ನೋಯುತ್ತಿತ್ತು. ಹಲ್ಲಿಗೆ ಹಲ್ಲು ಕೂಡದೆ ದೋಸೆ ಅಗಿಯುವುದೂ ಪ್ರಯಾಸವಾಗುತ್ತಿತ್ತು. ಬಹುಮಂದಿ ರೋಗಿಗಳು ಹೇಳಿಕೊಳ್ಳುವುದೂ ಇದನ್ನೇ. ಕ್ರಮೇಣ ಅಭ್ಯಾಸವಾಯಿತು. ಪತ್ರಿಕೆ ಓದುತ್ತ ತೂಕಡಿಸುವುದು ನಿಂತಿತು. ನಮ್ಮ ಅತ್ತೆಯವರಿಗೂ ನಿದ್ರೆ ಹತ್ತಿತು.

ಇಂತಹ ಅನುಭವವನ್ನು ಬರಿಯ ಹರಟೆಯೆಂದು ತಳ್ಳಿಹಾಕುವುದು ತಪ್ಪೆಂದು ನಮ್ಮ ಮತ. ಒಂದು ಲೆಕ್ಕ ಮಾಡಿ ನೋಡೋಣ. ಚಿಕಿತ್ಸೆಯಿಲ್ಲದೆ ಗಂಟೆಗೆ 30 ಬಾರಿ ಉಸಿರು ಕಟ್ಟುವವನೊಬ್ಬನು 7 ಗಂಟೆ ಮಲಗುತ್ತಾನೆನ್ನಿ. ಯಂತ್ರವು ಎಣಿಕೆಯನ್ನು 3ಕ್ಕೆ ಇಳಿಸುತ್ತದೆ; ಆದರೆ ಆತನು 4 ಗಂಟೆಗಳಾದ ಮೇಲೆ ಅದನ್ನು ಕಿತ್ತಿಡುತ್ತಾನೆ. ರಾತ್ರಿಯ ಮೊತ್ತ 12 ಮತ್ತು 90, ಅಂದರೆ 102. ಬಾಯಿಯ ಸಾಧನವು 12ಕ್ಕಷ್ಟೇ ಇಳಿಸಿದರೂ ಬೆಳಗಿನವರೆಗೆ ಬಾಯಲ್ಲೇ ಇದ್ದರೆ ಮೊತ್ತ 84. ಇದು ಕಲ್ಪಿತ ಲೆಕ್ಕವೇ ನಿಜ. ವ್ಯಾಧಿ ಬಹಳ ತೀವ್ರವಾಗಿರುವವರಿಗೆ ಯಂತ್ರವೇ ಮೇಲು. ಆದರೂ ಧರಿಸಿದ ಗಂಟೆಗಳನ್ನು ಬಿಟ್ಟು ಸಾಧನದ ಬಲವನ್ನು ಅಳೆಯಲಾಗದು. ಆ ಗಂಟೆಗಳನ್ನು ನಿರ್ಧರಿಸುವುದು ರೋಗಿಯ ಅನುಭವವೇ.

ಅನುಭವವೊಂದನ್ನೇ ನೆಚ್ಚುವುದನ್ನು ಮಾತ್ರ ನಾವು ಒಪ್ಪೆವು. ಗೊರಕೆ ಅಡಗಿದರೂ ಉಸಿರು ಕಟ್ಟುವುದು ಉಳಿದಿರಬಹುದು. ಮಲಗಿದವನಿಗೆ ಅದರ ಅರಿವೇ ಇರದು. ಬಿಸಿನೀರಿನಲ್ಲಿ ಮೆದುಮಾಡಿ ಕಚ್ಚಿಕೊಳ್ಳುವ ಸಿದ್ಧ ಅಚ್ಚುಗಳನ್ನು ತಾವೇ ಕೊಂಡು, ಸದ್ದು ನಿಂತಿತೆಂದು ಪರೀಕ್ಷೆಯನ್ನೇ ಬಿಡುವವರು ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ. ವರ್ಷಗಳು ಕಳೆದಂತೆ ಹಲ್ಲುಗಳ ಸ್ಥಾನವೂ ಬದಲಾಗುವುದರಿಂದ ದಂತವೈದ್ಯರ ತಪಾಸಣೆಯೂ ಬೇಕು.

ನಮ್ಮ ಮಾವನವರು, “ಎಲ್ಲಾ ಗುಣವಾಗಿದೆಯಲ್ಲಪ್ಪ, ಮತ್ತೆ ಪರೀಕ್ಷೆ ಏತಕ್ಕೆ?” ಎಂದೇ ವಾದಿಸಿದರು. ಒತ್ತಾಯದಿಂದ ಕರೆದೊಯ್ದೆವು. ಸಾಧನ ಧರಿಸಿ ಮಲಗಿದಾಗಲೂ ಎಣಿಕೆ 17 ಇತ್ತು. ದಂತವೈದ್ಯರು ದವಡೆಯನ್ನು ಇನ್ನೂ 2 ಮಿಲಿಮೀಟರು ಮುಂದಕ್ಕೆ ತಂದರು. ಎರಡು ತಿಂಗಳ ತರುವಾಯ ಅದು 6ಕ್ಕೆ ಇಳಿದಿತ್ತು.