ನೋವಿಗೆ ಸಾಕ್ಷಿ ರೋಗಿಯ ಮಾತು

ಹೊಟ್ಟೆನೋವನ್ನು ಲೋಕವು ದೊಡ್ಡ ಕಾಯಿಲೆಯೆಂದು ಎಣಿಸುವುದಿಲ್ಲ. ಜೀರಿಗೆ ಕಷಾಯ, ಒಂದು ಹೊತ್ತಿನ ಉಪವಾಸ, ಹೆಚ್ಚೆಂದರೆ ಔಷಧದಂಗಡಿಯ ಒಂದು ಮಾತ್ರೆ. ಅದಕ್ಕೆ ಸಲ್ಲುವ ಮರ್ಯಾದೆ ಇಷ್ಟೇ. ಆದುದರಿಂದ ಮೇದೋಜೀರಕ ಗ್ರಂಥಿಯ ದೀರ್ಘಕಾಲಿಕ ಉರಿಯೂತದಿಂದ ಬಳಲುವವರು, ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಇರಿಯುವ ನೋವಿನ ಜೊತೆಗೆ, ಅದನ್ನು ನಂಬದವರ ಮುಖಗಳನ್ನೂ ಸಹಿಸಬೇಕಾಗುತ್ತದೆ.

ಜಠರದ ಹಿಂದೆ ಅಡ್ಡಲಾಗಿರುವ, ಗೇಣಿಗಿಂತ ತುಸು ಕಿರಿದಾದ ಈ ಗ್ರಂಥಿ ಅನ್ನವನ್ನು ಅರಗಿಸುವ ರಸವನ್ನೂ ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್ನನ್ನೂ ಒದಗಿಸುತ್ತದೆ. ಉರಿಯೂತ ವರ್ಷಗಟ್ಟಲೆ ಮುಂದುವರಿದರೆ ಗ್ರಂಥಿ ಗಾಯಗಟ್ಟಿ ಸೊರಗುತ್ತದೆ. ಕೊಬ್ಬು ಅರಗದೆ ಮೈ ಇಳಿಯುತ್ತದೆ. ಎ, ಡಿ, ಇ, ಕೆ ಜೀವಸತ್ವಗಳ ಕೊರತೆ ತಲೆದೋರುತ್ತದೆ. ಅನೇಕರಿಗೆ ಮಧುಮೇಹವೂ ಬರುತ್ತದೆ. ವಿಚಿತ್ರವೆಂದರೆ, ತೀವ್ರ ಉರಿಯೂತದಲ್ಲಿ ಏರುವ ಅಮೈಲೇಸ್, ಲೈಪೇಸ್ ಮಟ್ಟಗಳು ದೀರ್ಘಕಾಲದ ರೋಗಿಯಲ್ಲಿ ಎಷ್ಟೋ ಸಲ ಸಹಜವಾಗಿಯೇ ಇರುತ್ತವೆ. ‘ರಕ್ತಪರೀಕ್ಷೆ ಸರಿಯಾಗಿದೆ’ ಎಂಬ ವಾಕ್ಯ ಮನೆ ತಲುಪುವಾಗ ‘ನೋವು ಸುಳ್ಳು’ ಎಂದು ಅರ್ಥ ಬದಲಿಸಿಕೊಂಡಿರುತ್ತದೆ.

ಇನ್ನೊಂದು ಅಪವಾದ ಕುಡಿತದ್ದು. ಮದ್ಯವೂ ಧೂಮಪಾನವೂ ಈ ರೋಗದ ಮುಖ್ಯ ಕಾರಣಗಳೆಂಬುದು ನಿಜ. ಆದರೆ ಭಾರತದ ರೋಗಿಗಳಲ್ಲಿ ಗಣನೀಯ ಭಾಗ ಮದ್ಯವನ್ನು ಮುಟ್ಟಿದವರೇ ಅಲ್ಲ. ಕೇರಳಕ್ಕಂತೂ ಈ ಸತ್ಯ ಹಳೆಯದು. ಗ್ರಂಥಿಯಲ್ಲಿ ಕಲ್ಲುಗಟ್ಟಿ, ಎಳೆಯ ವಯಸ್ಸಿನಲ್ಲೇ ಹೊಟ್ಟೆನೋವು, ಬಳಿಕ ಮಧುಮೇಹ ಬರುತ್ತಿದ್ದವರನ್ನು ವೈದ್ಯ ಪಿ. ಜೆ. ಗೀವರ್ಗೀಸ್ ಅಲ್ಲಿ ದೀರ್ಘಕಾಲ ಅಧ್ಯಯನ ಮಾಡಿ 1968ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಒಮ್ಮೆ ಮರಗೆಣಸಿನ ಮೇಲೆ ಸಂದೇಹವಿತ್ತು, ಅದು ದೃಢಪಡಲಿಲ್ಲ. ಅನೇಕ ರೋಗಿಗಳಲ್ಲಿ ಸ್ಪಿಂಕ್ 1 ಎಂಬ ಜೀನಿನ ವ್ಯತ್ಯಾಸವಿರುವುದು ಮುಂದೆ ತಿಳಿದುಬಂತು. ಹುಟ್ಟಿನಿಂದ ಬಂದುದಕ್ಕೆ ನಡತೆಯನ್ನು ದೂರುವುದು ಅನ್ಯಾಯ.

ದೇಹದ ರಕ್ಷಣಾವ್ಯವಸ್ಥೆ ತನ್ನ ಅಂಗಗಳನ್ನೇ ಶತ್ರುವೆಂದು ತಿಳಿದು ಆಕ್ರಮಿಸುವ ಸ್ವಪ್ರತಿರಕ್ಷಾ ಕಾಯಿಲೆಗಳೂ ಜೊತೆಗೂಡಿದರೆ ಬಾಳು ಮತ್ತಷ್ಟು ಜಟಿಲವಾಗುತ್ತದೆ. ಕೆಲವರಲ್ಲಿ ಆ ಆಕ್ರಮಣ ಮೇದೋಜೀರಕದ ಮೇಲೆಯೇ ನಡೆಯುತ್ತದೆ. ಜಪಾನಿನ ವೈದ್ಯರು 1995ರಲ್ಲಿ ಇದಕ್ಕೆ ಪ್ರತ್ಯೇಕ ಹೆಸರು ಸೂಚಿಸಿದರು. 2001ರಲ್ಲಿ ಐಜಿಜಿ4 ಎಂಬ ಪ್ರತಿಕಾಯದೊಡನೆ ಅದರ ಸಂಬಂಧವನ್ನು ತೋರಿಸಿದರು. ಇದು ಸ್ಟಿರಾಯ್ಡಿಗೆ ಬಗ್ಗುತ್ತದೆ. ಇನ್ನು ಕೆಲವರಲ್ಲಿ ಕರುಳಿನ ಅಥವಾ ಕೀಲುಗಳ ಸ್ವಪ್ರತಿರಕ್ಷಾ ಕಾಯಿಲೆ ಬೇರೆಯಾಗಿಯೇ ಇರುತ್ತದೆ. ಆಗ ಒಂದರ ಮದ್ದು ಇನ್ನೊಂದಕ್ಕೆ ಮುಳ್ಳಾಗಬಹುದು. ಸ್ಟಿರಾಯ್ಡ್ ಸಕ್ಕರೆಯನ್ನು ಏರಿಸಿ, ಮೊದಲೇ ಸೊರಗಿದ ಎಲುಬನ್ನು ಇನ್ನಷ್ಟು ಸೊರಗಿಸುತ್ತದೆ. ಕರುಳಿನ ಕಾಯಿಲೆಗೆ ಕೊಡುವ ಅಜಥಯೋಪ್ರಿನ್ ಕೆಲವರಲ್ಲಿ ಮೇದೋಜೀರಕವನ್ನೇ ಕೆರಳಿಸುತ್ತದೆ. ಉದರತಜ್ಞರು, ಕೀಲುತಜ್ಞರು, ಮಧುಮೇಹತಜ್ಞರು ಒಂದೊಂದು ಭಾಗವನ್ನು ಕಾಣುತ್ತಾರೆ. ಇಡಿಯ ಕಥೆ ತಿಳಿದಿರುವುದು ರೋಗಿಗೆ ಮಾತ್ರ.

ಹೀಗಿರುವಾಗ ರೋಗಿಯ ಮಾತು ಚಿಕಿತ್ಸೆಯ ಅಂಗ. ಆ ಮಾತಿನ ಭಾಷೆಯೂ ಚಿಕಿತ್ಸೆಯ ಅಂಗ. ಕಾಸರಗೋಡಿನಂಥ ಗಡಿನಾಡಿನಲ್ಲಿ ಇದು ಬರಿಯ ಭಾಷಾಭಿಮಾನದ ಮಾತಲ್ಲ. ಇಲ್ಲಿಯ ರೋಗಿ ಮನೆಯಲ್ಲಿ ತುಳುವಿನಲ್ಲೋ ಕನ್ನಡದಲ್ಲೋ ನರಳುತ್ತಾನೆ, ಊರ ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ವಿವರಿಸುತ್ತಾನೆ, ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿನಿಂದ ಇಂಗ್ಲಿಷಿನ ಚೀಟಿ ತರುತ್ತಾನೆ. ಜೀರ್ಣಕಿಣ್ವದ ಗುಳಿಗೆಯನ್ನು ಊಟದೊಡನೆಯೇ ನುಂಗಬೇಕು; ಆ ಸೂಚನೆ ‘ಊಟದ ಬಳಿಕ’ ಎಂದು ಬದಲಾದರೆ ಮದ್ದಿನ ಫಲ ಕುಗ್ಗುತ್ತದೆ. ನೋವಿನಿಂದ ಊಟ ಬಿಟ್ಟವನು ಇನ್ಸುಲಿನ್ ಮಾತ್ರ ಎಂದಿನಂತೆ ಚುಚ್ಚಿಕೊಂಡರೆ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. 2020ರಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯ ದಾರಿ ಮುಚ್ಚಿದಾಗ, ಮಂಗಳೂರನ್ನೇ ನಂಬಿದ್ದ ದೀರ್ಘರೋಗಿಗಳ ಆಸರೆ ಎಷ್ಟು ತೆಳ್ಳಗಿನದೆಂದು ನಾಡಿಗೇ ಗೊತ್ತಾಯಿತು.

ವೈದ್ಯರಿಗೆ ಬಿಡುವಿಲ್ಲ, ವೈದ್ಯಶಾಸ್ತ್ರಕ್ಕೆ ಇಂಗ್ಲಿಷ್ ಸಾಕು ಎನ್ನುವವರಿದ್ದಾರೆ. ಮದ್ದಿನ ಹೆಸರು ಇಂಗ್ಲಿಷಿನಲ್ಲಿಯೇ ಇರಲಿ. ನೋವಿನ ಹೆಸರು ರೋಗಿಯದಾಗಿರಲಿ. ಇರಿತ, ಉರಿ, ಸೆಳೆತ, ಹಿಂಡುವಿಕೆ ಎಂಬ ಪದಗಳು ಪರ್ಯಾಯಪದಗಳಲ್ಲ. ಒಂದೊಂದೂ ಒಂದೊಂದು ಸುಳಿವು. ವೈದ್ಯರಿಗಿಲ್ಲದ ಬಿಡುವು ಕನ್ನಡ ವಿಭಾಗಗಳಿಗೆ ಇದೆ. ನೋವಿನ ದಿನ, ಊಟ, ಸಕ್ಕರೆಯ ಮಟ್ಟ, ಪ್ರತಿಯೊಬ್ಬ ತಜ್ಞರೂ ಕೊಟ್ಟ ಮದ್ದು, ಒಗ್ಗದ ಮದ್ದು ಇವಿಷ್ಟನ್ನು ಬರೆದುಕೊಳ್ಳುವ ಸಣ್ಣದೊಂದು ಕನ್ನಡ ಪುಸ್ತಿಕೆಯನ್ನು ವೈದ್ಯರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿಗಳು ಸಿದ್ಧಪಡಿಸಬಹುದು. ಮಲಯಾಳ ಮತ್ತು ಇಂಗ್ಲಿಷ್ ಪದಗಳನ್ನು ಪಕ್ಕದಲ್ಲಿಯೇ ಕೊಡಬಹುದು. ಗಡಿನಾಡಿನ ವಿದ್ಯಾರ್ಥಿಗೆ ಸಹಜವಾಗಿ ಒಲಿದ ಬಹುಭಾಷಾಜ್ಞಾನಕ್ಕೆ ಇದಕ್ಕಿಂತ ಉಪಯುಕ್ತವಾದ ಅಭ್ಯಾಸ ದೊರೆಯುವುದು ಕಷ್ಟ.

ಈ ರೋಗ ಪೂರ್ತಿ ಗುಣವಾಗುವುದು ಅಪರೂಪ. ಸುತ್ತಲಿನವರ ಅಪನಂಬಿಕೆಯಾದರೋ ಗುಣವಾಗಬಲ್ಲದು. ಅದಕ್ಕೆ ಆಸ್ಪತ್ರೆಯೂ ಬೇಕಿಲ್ಲ.