ಅವ್ವನ ಬೋರಮಾಳ ಮತ್ತು ಎಕ್ಸ್‌ರೇ ಮಿಷನ್ನು

ಸೋದರಿಯರೇ, ಈ ಸಲ ಅಡಿಗೆಮನೆ ಬಿಟ್ಟು ಟ್ರಂಕಿನ ತಳಕ್ಕೆ ಕೈ ಹಾಕೋಣ. ಹಳೇ ಸೀರೆಯ ಮಡಿಕೆಯೊಳಗೆ, ಅರಿವೆ ಗಂಟಿನಲ್ಲಿ ಇಟ್ಟಿರುತ್ತೇವಲ್ಲ, ಆ ಬಂಗಾರದ ಮಾತು.

ನಮ್ಮ ಮಗಳ ಮದುವೆ ಗೊತ್ತಾದಾಗ ಅವ್ವ ತನ್ನ ಬೋರಮಾಳ ತಂದು ನನ್ನ ಕೈಗಿಟ್ಟಳು. ಇದನ್ನು ಮುರಿಸಿ ಮೊಮ್ಮಗಳಿಗೆ ಹೊಸ ಸರ ಮಾಡಿಸು ಅಂದಳು. ಚಿಕ್ಕಂದಿನಿಂದ ಅದನ್ನು ಹದಿನಾರಾಣೆ ಬಂಗಾರ ಅಂತಲೇ ನಂಬಿದವಳು ನಾನು. ಅಡರಕಟ್ಟಿಯಿಂದ ಹತ್ತಿರದ ಪೇಟೆಯ ಅಂಗಡಿಗೆ ಒಯ್ದೆ. ಅವರು ಒರೆಗಲ್ಲಿಗೆ ತಿಕ್ಕಿ, ಆಸಿಡ್ ಹನಿಸಿ, ಕಣ್ಣು ಕಿರಿದು ಮಾಡಿ ನೋಡಿ, "ಅಕ್ಕಾರ, ಇದು ಹದಿನೆಂಟು ಕ್ಯಾರೆಟ್ಟಿನ ಮ್ಯಾಲ ಏರಂಗಿಲ್ರಿ" ಅಂದುಬಿಟ್ಟರು. ನನ್ನ ಮುಖ ಸಣ್ಣದಾಯಿತು. ಅವ್ವನಿಗೆ ಆಗಿನ ಪತ್ತಾರ ಮೋಸ ಮಾಡಿದನೋ, ಈಗ ನನಗೆ ಇವರು ಮಾಡುತ್ತಿದ್ದಾರೋ ತಿಳಿಯದೆ ಸರವನ್ನು ಮತ್ತೆ ಅರಿವೆಯಲ್ಲಿ ಕಟ್ಟಿಕೊಂಡು ಬಂದೆ.

ಒರೆಗಲ್ಲನ್ನು ಹಳಿಯುತ್ತಿಲ್ಲ. ಪಳಗಿದ ಕಣ್ಣಿಗೆ ಅದು ಒಳ್ಳೇ ಸಾಧನವೇ. ಆದರೆ ನೋಡುವ ಕಣ್ಣೂ ಅವರದೇ, ಕೊಳ್ಳುವ ಕೈಯೂ ಅವರದೇ ಆದಾಗ ನಮಗೆ ಇನ್ನೊಂದು ಸಾಕ್ಷಿ ಬೇಕು, ಅಲ್ಲವೇ?

ಮೈದುನ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಅಲ್ಲಿಯ ಅಂಗಡಿಯಲ್ಲಿ ಕ್ಯಾರೆಟ್ ಮೀಟರ್ ಅನ್ನುವ ಮಿಷನ್ ಇತ್ತು. ನೋಡಲು ಹಳೇ ಟೀವಿಯಷ್ಟು ದೊಡ್ಡ ಪೆಟ್ಟಿಗೆ. ಸರವನ್ನು ಒಳಗಿಟ್ಟು ಮುಚ್ಚಳ ಹಾಕಿದರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಪರದೆಯ ಮೇಲೆ ಅಂಕಿ ಬಂದವು. ಬಂಗಾರ ನೂರಕ್ಕೆ 74! ಎದೆ ಧಸಕ್ಕೆಂದಿತು. ಮೈದುನ ಮಾತ್ರ ಪರದೆಯನ್ನೇ ನೋಡುತ್ತಿದ್ದ. "ಅಣ್ಣಾರ, ನೀವು ಕೊಂಡಿ ಇಟ್ಟೀರಿ, ಗುಂಡು ಇಟ್ಟು ನೋಡ್ರಿ" ಅಂದ. ಗುಂಡು ಇಟ್ಟಾಗ ಬಂಗಾರ 84.3, ತಾಮ್ರ 10.1, ಬೆಳ್ಳಿ 5.2, ಉಳಿದ ಚೂರು ಸತುವು. ಇನ್ನೆರಡು ಗುಂಡು ನೋಡಿದರೂ ಹೆಚ್ಚುಕಡಿಮೆ ಅಷ್ಟೇ. ಕೊಂಡಿಯಲ್ಲಿ ಬೆಸುಗೆ ಇರುತ್ತದೆ. ಬೆಸುಗೆ ಬೇಗ ಕರಗಬೇಕೆಂದು ಅದರಲ್ಲಿ ಬೇರೆ ಲೋಹ ಜಾಸ್ತಿ. ಅದೊಂದನ್ನೇ ನೋಡಿ ಇಡೀ ಸರದ ಬೆಲೆ ಕಟ್ಟಿದ್ದರೆ ನನ್ನ ಗತಿ?

ತಿಕ್ಕದೆ, ಕರಗಿಸದೆ ಅದಕ್ಕೆ ಹೇಗೆ ತಿಳಿಯಿತು ಅಂತ ಮನೆಗೆ ಬಂದು ಮಗಳನ್ನು ಕೇಳಿದೆ. ಸೈನ್ಸ್ ಓದಿದವಳು, ನನಗೆ ತಿಳಿಯುವ ಹಾಗೆ ಹೇಳಿದಳು. ದವಾಖಾನೆಯಲ್ಲಿ ಮುರಿದ ಎಲುಬು ನೋಡುವ ಎಕ್ಸ್‌ರೇಯೇ ಇಲ್ಲಿಯೂ ಇರುವುದು. ಅದು ಲೋಹದ ಪರಮಾಣುವಿಗೆ ಬಡಿದಾಗ ಒಳಮನೆಯಲ್ಲಿ ಕೂತ ಎಲೆಕ್ಟ್ರಾನ್ ಒಂದು ಹೊರಗೆ ಹಾರುತ್ತದೆ. ಖಾಲಿಯಾದ ಆ ಜಾಗಕ್ಕೆ ಹೊರಪಡಸಾಲೆಯದೊಂದು ಬಂದು ಬೀಳುತ್ತದೆ. ಬೀಳುವಾಗ ಅದೂ ತನ್ನದೊಂದು ಎಕ್ಸ್‌ರೇ ಬಿಡುತ್ತದೆ. ಅದರ ಬಲ ಒಂದೊಂದು ಧಾತುವಿಗೆ ಒಂದೊಂದು ಥರ. ತಾಮ್ರದ್ದು 8 ಸಾವಿರ ಎಲೆಕ್ಟ್ರಾನ್ ವೋಲ್ಟ್, ಬಂಗಾರದ್ದು 9,700ರ ಹತ್ತಿರ, ಬೆಳ್ಳಿಯದು 22 ಸಾವಿರ. ಸಂತೆಯಲ್ಲಿ ಗಡಿಗೆ ಬಡಿದು ಸಪ್ಪಳ ಕೇಳುತ್ತೇವಲ್ಲ, ಹಾಗೆ. ಯಾವ ಸಪ್ಪಳ ಎಷ್ಟು ಬಂತು ಅಂತ ಮಿಷನ್ ಎಣಿಸಿ ಪಾಲು ಹೇಳುತ್ತದೆ. ಈ ಗುಟ್ಟನ್ನು 1913ರಲ್ಲಿ ಲೆಕ್ಕಕ್ಕೆ ತಂದವನು ಮೋಸ್ಲಿ ಎಂಬ ಇಂಗ್ಲೆಂಡಿನ ತರುಣ. ಎರಡೇ ವರ್ಷದಲ್ಲಿ, 27ನೇ ವಯಸ್ಸಿಗೆ, ಯುದ್ಧದಲ್ಲಿ ತೀರಿಕೊಂಡನಂತೆ. ಪಾಪ, ಯಾವ ತಾಯಿಯ ಮಗನೋ!

2023ರ ಆಗಸ್ಟ್‌ನಲ್ಲಿ ಚಂದ್ರನ ಮೇಲೆ ಓಡಾಡಿದ ನಮ್ಮ ಪ್ರಜ್ಞಾನ್ ಗಾಡಿ ಅಲ್ಲಿಯ ಮಣ್ಣಿನಲ್ಲಿ ಏನೇನಿದೆ ಅಂತ ನೋಡಿದ್ದೂ ಇದೇ ಉಪಾಯದಿಂದ. ಅದಕ್ಕೂ ಮೊದಲು ಚಂದ್ರಯಾನ-2ಕ್ಕೆ ಬೆಂಗಳೂರಿನಲ್ಲಿ ಮಾಡಿದ ಇಂಥದೇ ಒಂದು ಸಾಧನ ಸೂರ್ಯನ ಎಕ್ಸ್‌ರೇಯನ್ನೇ ಬಳಸಿಕೊಂಡು ಚಂದ್ರನ ನೆಲವನ್ನು ಓದಿತು. ನಾವು ಬೋರಮಾಳ ಓದಿಸಿದೆವು, ಅಷ್ಟೇ ಫರಕು.

ಮಿಷನ್ನಿಗೂ ಮಿತಿ ಇದೆ, ಮರೆಯಬೇಡಿ. ಬಂಗಾರದಲ್ಲಿ ಅದು ಮೇಲಿನ ಪದರವನ್ನಷ್ಟೇ ಕಾಣುತ್ತದೆ, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ ಆಳ. ದಪ್ಪಗೆ ಬಂಗಾರದ ನೀರು ಕುಡಿಸಿದ ಒಡವೆ ಅದನ್ನು ಏಮಾರಿಸಬಹುದು. ಗುಂಡಿನೊಳಗೆ ತುಂಬಿದ ಅರಗು ಅದಕ್ಕೆ ಕಾಣುವುದೇ ಇಲ್ಲ, ತಕ್ಕಡಿಗೆ ಮಾತ್ರ ಕಾಣುತ್ತದೆ. ಹಾಗಾಗಿ ಪಕ್ಕಾ ಪರೀಕ್ಷೆ ಅಂದರೆ ಇವತ್ತಿಗೂ ಬೆಂಕಿಯದೇ. ಗುಲಗಂಜಿ ತೂಕದಷ್ಟು ಚೂರು ಕತ್ತರಿಸಿ, ಸೀಸದ ಜೊತೆ ಕುಲುಮೆಗೆ ಹಾಕಿ, ಬೆಳ್ಳಿಯನ್ನು ಆಸಿಡ್‌ನಲ್ಲಿ ಕರಗಿಸಿ ತೆಗೆದು, ಉಳಿದ ಬಂಗಾರವನ್ನು ತೂಗುತ್ತಾರೆ.

ನಮ್ಮ ಸರವನ್ನೂ ಕಣ್ಣೆದುರಿಗೇ ಕರಗಿಸಿ ಅಂದೆ. ಅರಗು ಹೋಗಿ 30 ಗ್ರಾಂ ಗಟ್ಟಿ ಬಂತು. ಅದನ್ನು ಮತ್ತೆ ಮಿಷನ್ನಿಗಿಟ್ಟರೆ ಬೆಸುಗೆಯೆಲ್ಲ ಸೇರಿ 82. ಅಂದರೆ 24.6 ಗ್ರಾಂ ಅಪ್ಪಟ ಬಂಗಾರ. ಮೊದಲಿನ ಅಂಗಡಿಯ ಹದಿನೆಂಟರ ಲೆಕ್ಕ ಹಿಡಿದಿದ್ದರೆ 22.5. ಎರಡು ಗ್ರಾಂ ಬಂಗಾರದ ರೇಟು ಇವತ್ತು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಆ ಗುಂಡುಗಳು ಮುದ್ದೆಯಾಗುವುದನ್ನು ನೋಡಲಾರದೆ ಮುಖ ತಿರುಗಿಸಿದೆ ನೋಡಿ. ಕರಗಿಸುವ ಮೊದಲೇ ಎರಡು ಗುಂಡು ಬಿಚ್ಚಿಸಿ ಇಟ್ಟುಕೊಂಡಿದ್ದೆ.

ಹೊಸ ಒಡವೆ ಕೊಳ್ಳುವವರಿಗೆ ಇಷ್ಟು ತಾಪತ್ರಯ ಇಲ್ಲ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಯ ಗುರುತು ಇರಲೇಬೇಕು. ಬಿ.ಐ.ಎಸ್. ತ್ರಿಕೋನ, 22ಕೆ916 ಅನ್ನುವಂಥ ಶುದ್ಧತೆಯ ಅಂಕಿ, ಜೊತೆಗೆ ಈ ಗುರುತು, ಮೂರೂ ಇವೆಯೇ ನೋಡಿ. ಮಕ್ಕಳ ಕೈಯಲ್ಲಿ ಮೊಬೈಲಿನ ಬಿ.ಐ.ಎಸ್. ಕೇರ್ ಆ್ಯಪ್‌ನಲ್ಲಿ ಆ ಗುರುತು ಹಾಕಿಸಿದರೆ ಒಡವೆಯ ಜಾತಕವೇ ಬರುತ್ತದೆ. ಕೆ.ಡಿ.ಎಂ. ಬಂಗಾರ ಅಂತ ಯಾರಾದರೂ ಹೊಗಳಿದರೆ ಮರುಳಾಗಬೇಡಿ. ಅದು ಕ್ಯಾಡ್ಮಿಯಂ ಬೆಸುಗೆಯ ಹೆಸರು, ಶುದ್ಧತೆಯದಲ್ಲ. ಅದರ ಹೊಗೆ ಕುಡಿದ ಪತ್ತಾರರ ಪುಪ್ಪುಸ, ಮೂತ್ರಪಿಂಡ ಹಾಳು. ಹಳೇ ಒಡವೆ ಇದ್ದರೆ ಬಿ.ಐ.ಎಸ್. ಮಾನ್ಯತೆಯ ಪರೀಕ್ಷಾ ಕೇಂದ್ರಕ್ಕೆ ನಾವೇ ಒಯ್ದು, ಫೀ ಕೊಟ್ಟು ಬರವಣಿಗೆಯ ವರದಿ ಪಡೆಯಬಹುದು. ಮಾರುವ ಮೊದಲೇ ಮಾಡಿಸಿಕೊಳ್ಳಿ, ಆಮೇಲಲ್ಲ.

ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕೂತಿದ್ದಳು. "ಎಷ್ಟ್ ಬಂತು?" ಅಂದಳು. ಅವಳ ಮನಸ್ಸು ನೋಯಿಸಬಾರದೆಂದು ಸುಮ್ಮನೆ "ಛಲೋ ಬಂತವ್ವಾ" ಅಂದೆ. ನಕ್ಕಳು.

"ನಂಗ ಗೊತ್ತಿಲ್ಲೇನು? ಎರಡೂವರಿ ಆಣೆ ಬೆರಕಿ ನಾನ ಹಾಕ್ಸಿದ್ದೆ. ಹದಿನಾರಾಣೆದು ಮೆತ್ತಗಿರ್ತೈತಿ, ಕಸ ತಗಿಯಾಕ ಹೊಲಕ್ಕ ಹಾಕ್ಕೊಂಡು ಹೋದ್ರ ಗುಂಡು ಜಜ್ಜಿ ಹೋಗ್ತಿದ್ವು."